ಅತ್ತೆಯ ಮಂಚ, ಭೂಮಿಯ ಅಯಸ್ಕಾಂತ

ಪೆದ್ದಮ್ಮ ಅಳಿಯನ ಜೊತೆ ಮಾತಾಡುತ್ತಿರಲಿಲ್ಲ. ಜಗಳವಾಗಿತ್ತು ಅಂದುಕೊಳ್ಳಬೇಡಿ, ಅಳಿಯ ಅಂದರೆ ಆಕೆಗೆ ಅಷ್ಟು ಮರ್ಯಾದೆ. ಅವರ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರುವಂತಿಲ್ಲ, ಅವನ ಹೆಸರು ಹಿಡಿಯುವಂತಿಲ್ಲ, ಅವನು ಒಳಗೆ ಬಂದರೆ ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಮರೆಗೆ ಸರಿಯಬೇಕು. ಹೇಳುವುದೇನಿದ್ದರೂ ಮಗಳ ಮೂಲಕ. "ಅಳಿಯಂದ್ರಿಗೆ ಇನ್ನೊಂದೀಟು ಸಾರು ಬೇಕಾ ಕೇಳಮ್ಮಿ," ಎಂದು ಪೆದ್ದಮ್ಮ ಗೋಡೆಯ ಕಡೆ ಮುಖ ಮಾಡಿ ಹೇಳಿದರೆ, ಎರಡು ಮಾರು ದೂರದಲ್ಲಿ ತಟ್ಟೆಯ ಮುಂದೆ ಕೂತ ವೇಣು "ಸಾಕು ಅನ್ನು" ಎಂದು ಹೆಂಡತಿಗೆ ಹೇಳುತ್ತಿದ್ದ. ಇಬ್ಬರ ನಡುವೆ ಕೂತ ಕಲಾ ಯಾರಿಗೂ ಏನನ್ನೂ ದಾಟಿಸುವ ಗೋಜಿಗೆ ಹೋಗದೆ ತನ್ನ ಪಾಡಿಗೆ ಮುದ್ದೆ ಮುರಿಯುತ್ತಿದ್ದಳು.

ಮದುವೆಯಾದಾಗಿನಿಂದ ಹೀಗೇ ನಡೆದಿತ್ತು, ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಶುರುವಾದದ್ದು ಪೆದ್ದಮ್ಮ ತನ್ನೂರು ಕಾಮಸಮುದ್ರದಲ್ಲಿ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದ ಮೇಲೆ. ಸೊಂಟದ ಮೂಳೆ ಮುರಿಯಿತು. ಸಕ್ಕರೆ ಕಾಯಿಲೆ ಇದೆ, ಹೃದಯ ಬೇರೆ ವೀಕು, ಆಪರೇಷನ್ ಬೇಡ ಎಂದರು ಡಾಕ್ಟರು. ಗಂಡುಮಕ್ಕಳಿಲ್ಲದ ಆಕೆಯನ್ನು ಕಲಾ ಊರಿಗಾಂಗೆ, ತನ್ನ ಮನೆಗೆ ಕರೆತಂದಳು. ಮಗಳ ಮನೆಗೆ ಬಂದು ಬಿದ್ದುಕೊಳ್ಳುವುದೇ ಪೆದ್ದಮ್ಮನಿಗೆ ಮೈ ಹಿಡಿಯಷ್ಟಾಗುವ ನಾಚಿಕೆ. ಅದರ ಮೇಲೆ ಆ ಮನೆಯಾದರೂ ಎಂಥದು? ಚಿನ್ನದ ಗಣಿ ಕಂಪನಿಯ ಕಾಲದಲ್ಲಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನಿನ ಮನೆ. ಹಿಂದೆ ಒಂದು ಕತ್ತಲೆ ಅಡುಗೆಮನೆ, ಮುಂದೆ ಒಂದು ಕೋಣೆ, ಅದರ ಮುಂದಿನ ಜಗಲಿಗೆ ತಗಡು ಹೊಡೆಸಿ ಮಾಡಿದ ವೇಣುವಿನ ಮೋಟರ್ ವೈಂಡಿಂಗ್ ಅಂಗಡಿ. ಮಂಚ ಹಾಕಲು ಜಾಗವಿದ್ದದ್ದು ಮುಂದಿನ ಕೋಣೆಯಲ್ಲಿ ಮಾತ್ರ. ಅತ್ತೆಯ ಮಂಚಕ್ಕೂ ಅಳಿಯನ ಕೆಲಸದ ಜಾಗಕ್ಕೂ ನಡುವೆ ಇದ್ದದ್ದು ಒಂದು ಹಳೇ ಸೀರೆಯ ಪರದೆ.

ಕಲಾ ಬೆಳಗಿನ ರೈಲಿಗೆ ಗಾರ್ಮೆಂಟ್ಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಧ್ಯಾಹ್ನ ಪಕ್ಕದ ಮನೆಯ ಮುದುಕಿಯೊಬ್ಬಳು ಬಂದು ಬಟ್ಟೆ ಬದಲಿಸಿ ಹೋಗುವುದು ಬಿಟ್ಟರೆ ಹಗಲಿಡೀ ಮನೆಯಲ್ಲಿ ಇವರಿಬ್ಬರೇ. ಮಾತು ದಾಟಿಸಲು ನಡುವೆ ಜನವಿಲ್ಲ ಎಂದ ಮಾತ್ರಕ್ಕೆ ಪೆದ್ದಮ್ಮ ನೇಮ ಬಿಡುವವಳಲ್ಲ. ಬಾಯಾರಿದರೆ ಟೇಬಲ್ ಫ್ಯಾನಿಗೆ ಹೇಳುತ್ತಿದ್ದಳು: "ನಾಲ್ಗೆ ಒಣಗ್ತೈತೆ." ವೇಣು ತಂತಿ ಸುತ್ತುವುದನ್ನು ಬಿಟ್ಟು ನೀರು ತಂದು, ತಲೆ ತಗ್ಗಿಸಿ ಸ್ಟೂಲಿನ ಮೇಲಿಟ್ಟು, ತಾನೂ ಫ್ಯಾನಿಗೇ "ನೀರು ಇಟ್ಟಿದ್ದೀನಿ" ಎಂದು ಹೇಳಿ ಹೋಗುತ್ತಿದ್ದ. ಹೊರಗಿನವರು ನೋಡಿದ್ದರೆ ಇಬ್ಬರಿಗೂ ತಲೆ ಕೆಟ್ಟಿದೆ ಅನ್ನುತ್ತಿದ್ದರು. ವೇಣುವಿಗೆ ಆಕೆಯ ಮೇಲೆ ಕೋಪವೇನೂ ಇರಲಿಲ್ಲ. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನು. ಮನೆಯಲ್ಲಿ ಹಿರಿಯರೊಬ್ಬರು ಗೊಣಗುತ್ತಾ ಇದ್ದರೆ ಅವನಿಗೆ ಹಿತವೇ ಆಗುತ್ತಿತ್ತು.

ಆದರೆ ಹುಣ್ಣಿಗೆ ಮರ್ಯಾದೆ ಗೊತ್ತಿಲ್ಲವಲ್ಲ. ಬೆನ್ನಿನ ಬುಡದಲ್ಲಿ ಮೊದಲು ಕೆಂಪಗೆ ಕಾಣಿಸಿಕೊಂಡದ್ದು ವಾರ ಕಳೆಯುವಷ್ಟರಲ್ಲಿ ತೋಡಿಕೊಂಡು ಒಳಗೆ ಇಳಿಯತೊಡಗಿತು. ಗಾಯ ಕಟ್ಟಲು ಬರುತ್ತಿದ್ದ ನರ್ಸ್ ಕಲ್ಪನ ಒಂದು ಭಾನುವಾರ ಕೈ ತೊಳೆದುಕೊಳ್ಳುತ್ತಾ, ಕಲಾಗೂ ವೇಣುವಿಗೂ ಸೇರಿಸಿ ಹೇಳಿದಳು.

"ಗಾಳಿ ಹಾಸಿಗೆ ತಂದಿದ್ದೀರಿ, ಒಳ್ಳೇದು. ಆದ್ರೆ ಅದರ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೂ ಅಂಗಾತ ಮಲಗಿಸಿದ್ರೆ ಅದೂ ಒಂದೇ, ಬರೀ ನೆಲಾನೂ ಒಂದೇ. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸ್ಬೇಕು. ಹುಣ್ಣು ಮೂಳೆಗೆ ಇಳಿದ್ರೆ ಆಮೇಲೆ ನನ್ನ ಕೈಲಿ ಇಲ್ಲ."

ಅವಳು ಹೋದ ಮೇಲೆ ಕಲಾ ಗಂಡನ ಮುಖ ನೋಡಿದಳು. ಅವನು ಅಂಗಡಿಯಲ್ಲೇ ಇರುವವನು, ಇಂಥ ಕೆಲಸಕ್ಕೆ ಹೇಸುವವನೂ ಅಲ್ಲ. ಇಬ್ಬರ ಮನಸ್ಸಿನಲ್ಲಿ ಓಡಿದ್ದು ಮಂಚದ ಮೇಲಿದ್ದವಳಿಗೆ ತಿಳಿದುಹೋಯಿತು.

"ಅಳಿಯಂದ್ರು ಮುಟ್ಟೋದು ಬ್ಯಾಡ," ಎಂದಳು ಪೆದ್ದಮ್ಮ, ಗೋಡೆಗೆ. "ಸತ್ತ ಮೇಲೆ ಎಂಗೂ ಎತ್ತಾರೆ. ಬದುಕಿರೋಗಂಟ ಬ್ಯಾಡ."

"ಅಂಗಾದ್ರೆ ನಾನು ಕೆಲ್ಸ ಬಿಟ್ಟು ಮನ್ಯಾಗೆ ಇರ್ತೀನಿ," ಎಂದಳು ಕಲಾ.

"ನೀನು ಕೆಲ್ಸ ಬಿಡು, ನಾನು ಊಟ ಬಿಡ್ತೀನಿ. ನೋಡಾನ ಯಾರು ಗೆಲ್ತಾರೆ ಅಂತ."

ವರ್ಷಗಟ್ಟಲೆ ಮಿಷನ್ನಿನ ಮುಂದೆ ಕೂತು ಕತ್ತು ನೋಯಿಸಿಕೊಂಡ ಕಲಾಳನ್ನು ಆಗಷ್ಟೇ ಸೂಪರ್‌ವೈಸರ್ ಮಾಡಿದ್ದರು. ಆ ಖುಷಿಗೆ ಅವಳು ಬಂಗಾರಪೇಟೆಯಲ್ಲಿ ಇಳಿದು ಮೈಸೂರುಪಾಕು ತಂದು ಇಡೀ ಲೈನಿಗೆ ಹಂಚಿದ್ದಳು. ಅವಳು ಕೆಲಸ ಬಿಡುವುದು ವೇಣುವಿಗೆ ಬೇಡವಾಗಿತ್ತು. ಬಿಡದಿದ್ದರೆ ಪರದೆಯ ಆಚೆ ಒಬ್ಬ ಮುದುಕಿ ಇದ್ದಲ್ಲೇ ಕೊಳೆಯುತ್ತಾ ಹೋಗುತ್ತಾಳೆ. "ಈ ತಿಂಗಳು ಮುಗೀಲಿ, ಬರ್ಕೊಟ್ಟು ಬಂದ್ಬಿಡ್ತೀನಿ," ಎಂದು ಕಲಾ ತೀರ್ಮಾನ ಮಾಡಿಕೊಂಡಳು.

ವೇಣುವಿನ ತಲೆಗೆ ಹುಳ ಹೊಕ್ಕಿದ್ದು ಆ ವಾರವೇ. ಊಟವಾದ ಮೇಲೆ ಫೋನಿನಲ್ಲಿ ಒಂದು ವಿಡಿಯೋ ನೋಡುತ್ತಿದ್ದ. ಒಂದು ಅಯಸ್ಕಾಂತದ ಮೇಲೆ ಇನ್ನೊಂದು ಅಯಸ್ಕಾಂತ ಯಾವ ಆಸರೆಯೂ ಇಲ್ಲದೆ ಬೆರಳಗಲ ಮೇಲೆ ತೇಲುತ್ತಿತ್ತು. ಈ ಭೂಮಿಯೇ ಒಂದು ದೊಡ್ಡ ಅಯಸ್ಕಾಂತ, ನಾವೆಲ್ಲ ಅದರ ಮೇಲೇ ಇದ್ದೇವೆ ಎಂದು ವಿಡಿಯೋದವನು ಹೇಳಿ ಮುಂದಿನ ವಿಷಯಕ್ಕೆ ಹೋದ. ವೇಣು ಮುಂದಕ್ಕೆ ಹೋಗಲಿಲ್ಲ. ಭೂಮಿಯೇ ಅಯಸ್ಕಾಂತ ಅಂದರೆ ಕರೆಂಟ್ ಹೋದರೂ ಕೆಡದ, ಬಿಲ್ ಕಟ್ಟಬೇಕಾಗಿಲ್ಲದ ಅಯಸ್ಕಾಂತ. ಅದರ ಮೇಲೊಂದು ತಂತಿಯ ಸುರುಳಿ ಇಟ್ಟು ಕರೆಂಟ್ ಬಿಟ್ಟರೆ ಅದೂ ಅಯಸ್ಕಾಂತವೇ. ಒಂದನ್ನೊಂದು ತಳ್ಳಿದರೆ ಮಂಚ ಮೇಲೇಳಬೇಕು. ತುಂಬಾ ಏನೂ ಬೇಡ, ಹಾಸಿಗೆ ಹಗುರಾಗಿ ಬೆನ್ನಿಗೆ ಗಾಳಿಯಾಡುವಷ್ಟು. ಯಾರೂ ಯಾರನ್ನೂ ಮುಟ್ಟಬೇಕಾಗಿಲ್ಲ! ಜೀವಮಾನವಿಡೀ ತಂತಿ ಸುತ್ತಿ ಕಬ್ಬಿಣ ಓಡಿಸಿದವನಿಗೆ ಇದೇನು ಮಹಾ ಎನಿಸಿತು.

ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಯಾರಾದರೂ ನಕ್ಕು ಅವನನ್ನು ಉಳಿಸುತ್ತಿದ್ದರೋ ಏನೋ. ಸುಟ್ಟ ಮೋಟರುಗಳಿಂದ ಬಿಚ್ಚಿಟ್ಟಿದ್ದ ತಂತಿಯಲ್ಲಿ ಚೆನ್ನಾಗಿದ್ದದ್ದನ್ನು ಆರಿಸಿ, ಅತ್ತೆ ನಿದ್ದೆ ಮಾಡುವ ಹೊತ್ತು ನೋಡಿಕೊಂಡು ಮಂಚದ ಚೌಕಟ್ಟಿನ ಸುತ್ತ ಸುತ್ತತೊಡಗಿದ. ಒಮ್ಮೆ ನಡುವೆ ಎಚ್ಚರವಾದಾಗ ಪೆದ್ದಮ್ಮ "ಮಂಚ ಬಿಗಿ ಮಾಡ್ತಾವ್ರೆ, ಪಾಪ" ಎಂದು ಫ್ಯಾನಿಗೆ ಹೊಗಳಿ ಹೇಳಿದಳು. ಸುತ್ತಿ ಮುಗಿದ ಮೇಲೆ ದಿಕ್ಕಿನ ಪ್ರಶ್ನೆ ಬಂತು. ಭೂಮಿಯ ಎಳೆತ ದಕ್ಷಿಣದಿಂದ ಉತ್ತರಕ್ಕೆ ಇದೆಯಂತೆ. ದಿಕ್ಸೂಚಿಯ ಮುಳ್ಳು ನಿಂತ ಹಾಗೆ ಮಂಚವೂ ನಿಲ್ಲಬೇಕಲ್ಲ ಎಂದುಕೊಂಡ. ಕಸ ಗುಡಿಸಲು ಅನುಕೂಲವಾಗಲಿ ಎಂದು ಅವನೇ ಮಂಚದ ಕಾಲಿಗೆ ಚಕ್ರ ಕೂರಿಸಿದ್ದ. ಒಂದು ಮಧ್ಯಾಹ್ನ ಅತ್ತೆಗೆ ನಿದ್ದೆ ಹತ್ತಿದ ಮೇಲೆ ಉಸಿರು ಹಿಡಿದು ಮಂಚವನ್ನು ಮೆಲ್ಲಗೆ ತಿರುಗಿಸಿದ. ಒಂದು ಕಡೆ ಬಾಗಿಲು ಅಡ್ಡ ಬಂದದ್ದರಿಂದ ತಲೆಯ ಭಾಗ ಉತ್ತರದ ಗೋಡೆಗೆ ಹೋಯಿತು.

ಬ್ಯಾಟರಿ ಚಾರ್ಜರಿನಿಂದ ಸುರುಳಿಗೆ ಕರೆಂಟ್ ಬಿಟ್ಟ. ತಂತಿ ಬೆಚ್ಚಗಾಯಿತು. ಮಂಚ ಮಂಚದ ಹಾಗೇ ನಿಂತಿತ್ತು. ಇನ್ನಷ್ಟು ಬಿಟ್ಟ. ತಂತಿಯ ವಾರ್ನಿಷ್ ವಾಸನೆ ಬಂತು, ಬೇರೇನೂ ಬರಲಿಲ್ಲ. ಅವನು ಅವಸರದಲ್ಲಿ ಚಾರ್ಜರ್ ಕಿತ್ತು ತಲೆಯೆತ್ತಿದಾಗ ಪೆದ್ದಮ್ಮನ ಕಣ್ಣು ತೆರೆದಿತ್ತು.

ಆಕೆ ಬಾಗಿಲನ್ನು ನೋಡಿದಳು. ಅದು ಇರಬೇಕಾದ ಕಡೆ ಇರಲಿಲ್ಲ. ಬಿಸಿಲು ಬೀಳುತ್ತಿದ್ದ ಕಿಟಕಿಯನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು. ಟೀ ಮಾಡಿ ತಂದಿಟ್ಟರೆ ಮುಟ್ಟಲಿಲ್ಲ. ನೀರೂ ಬೇಡವಾಯಿತು. ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯ ಬುಗುಡಿಯ ತೂತಿಗೆ ಸೇರುತ್ತಿತ್ತು.

"ನೋವು ಜಾಸ್ತಿ ಆಯ್ತಾ ಅಂತ ಕೇಳು," ಎಂದ ವೇಣು, ಫ್ಯಾನಿಗೆ.

ಪೆದ್ದಮ್ಮ ಕಣ್ಣು ತೆರೆಯದೆ ಹೇಳಿದಳು. "ಉತ್ತರಕ್ಕೆ ತಲೆ ಆಕ್ಸವ್ರೆ. ತಪ್ಪೇನಿಲ್ಲ ಬುಡು. ಅವರ್ಗೂ ಸಾಕಾಗೈತೆ. ನಂಗೊಂದ್ ಮಾತು ಏಳಿ ಆಕ್ಸಿದ್ರೆ ದೇವ್ರ ನೆನಸ್ಕೊಂಡು ಮನಿಕ್ಕಂತಿದ್ದೆ."

ವೇಣುವಿಗೆ ಆಗ ಹೊಳೆಯಿತು. ಉಸಿರಾಡುವವರು ಯಾರೂ ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ, ಅವನ ಅಜ್ಜಿಯೂ ಮಲಗಗೊಡುತ್ತಿರಲಿಲ್ಲ. ಇಷ್ಟು ಸಾಮಾನ್ಯ ಸಂಗತಿ ತಂತಿ ಸುತ್ತುವ ಭರದಲ್ಲಿ ತಲೆಯಿಂದ ಹಾರಿಹೋಗಿತ್ತು. ಮಂಚವನ್ನು ಮೊದಲಿನ ಹಾಗೆ ತಿರುಗಿಸಿದ. ತಪ್ಪಾಯ್ತು ಅಂತ ಹೇಳು, ತಪ್ಪಾಯ್ತು ಅಂತ ಹೇಳು ಎಂದು ಫ್ಯಾನನ್ನು ಎಷ್ಟು ಬೇಡಿಕೊಂಡರೂ ಆಕೆ ಬಾಯಿ ಬಿಡಲಿಲ್ಲ. ಅಳಬೇಕು ಅನಿಸಿತು ಅವನಿಗೆ. ಅಂಗಡಿಗೆ ಹೋಗಿ ಯಾವುದೋ ಪಂಪಿನ ಮುಚ್ಚಳ ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿ ಕಾಲ ಕಳೆದ.

ಸಂಜೆ ಕಲಾ ಬಂದು, ತಾಯಿಯಿಂದ ಅರ್ಧ ಗಂಡನಿಂದ ಅರ್ಧ ಕೇಳಿ ಪೂರ್ತಿ ಮಾಡಿಕೊಂಡಳು.

"ನಮ್ಮಮ್ಮನ್ನ ಗಾಳ್ಯಾಗೆ ಎಗರ್ಸಕ್ಕೆ ಓಗಿದ್ರಾ ನೀವು?"

"ಬೆರಳಷ್ಟು."

ಅವಳಿಗೆ ನಗುವೂ ಬಂತು, ಅಳುವೂ ಬಂತು; ಎರಡನ್ನೂ ನುಂಗಿಕೊಂಡು ತಾಯಿಗೆ ಗಂಜಿ ಕುಡಿಸಿದಳು. ತಾಯಿ ಅಳಿಯನ ಉದ್ದೇಶವನ್ನು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಮಾರನೆಯ ದಿನದಿಂದ ಆಕೆ ಫ್ಯಾನಿನ ಜೊತೆಗೂ ಮಾತು ಬಿಟ್ಟಳು.

ಆ ಮೌನ ವೇಣುವಿಗೆ ತಡೆಯಲಾಗಲಿಲ್ಲ. ಬಂಗಾರಪೇಟೆಯ ಒಂದು ಕಾಲೇಜಿನ ನೀರಿನ ಪಂಪು ರಿಪೇರಿಗೆ ಬಂದಿತ್ತು. ಅದನ್ನು ತಲುಪಿಸಲು ಹೋದವನು, ಭೌತಶಾಸ್ತ್ರದ ಮೇಷ್ಟ್ರು ಸುಧಾಕರ್ ಲ್ಯಾಬಿನಲ್ಲಿ ಒಬ್ಬರೇ ಸಿಕ್ಕಿದಾಗ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ನಗುತ್ತಾರೆ ಎಂದುಕೊಂಡಿದ್ದ. ಸುಧಾಕರ್ ನಗಲಿಲ್ಲ. ಪರೀಕ್ಷೆಗೆ ಬರುತ್ತಾ ಸಾರ್ ಎಂಬುದನ್ನು ಬಿಟ್ಟು ಬೇರೆ ಪ್ರಶ್ನೆಯನ್ನೇ ಕೇಳದ ಮಕ್ಕಳ ನಡುವೆ ಬೇಸತ್ತಿದ್ದ ಅವರಿಗೆ ಬಾಯಲ್ಲಿ ನೀರೂರಿತು. ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿಸಿ, ಒಂದು ಸೂಜಿಯನ್ನು ಅಯಸ್ಕಾಂತಕ್ಕೆ ಉಜ್ಜಿ, ಕಿಟಕಿಯಾಚೆಯ ಹೊಂಗೆ ಮರದಿಂದ ಒಂದೆಲೆ ಕಿತ್ತು ತಂದು, ಅದರ ಮೇಲೆ ಸೂಜಿಯಿಟ್ಟು ತೇಲಿಬಿಟ್ಟರು. ಎಲೆ ನಿಧಾನವಾಗಿ ತಿರುಗಿ ನಿಂತಿತು.

"ಸೂಜಿ ಉತ್ತರಕ್ಕೆ ತಿರುಗ್ತು. ಸರಿ. ಉತ್ತರದ ಕಡೆಗೆ ತೇಲ್ಕೊಂಡು ಹೋಯ್ತಾ?"

ವೇಣು ಕಾದು ನೋಡಿದ. "ಇಲ್ಲ ಸಾರ್. ಇದ್ದಲ್ಲೇ ಐತೆ."

"ಯಾವತ್ತೂ ಹೋಗಲ್ಲ. ಭೂಮಿ ಅದರ ಒಂದು ತುದೀನ ಆ ಕಡೆ ಎಳೆಯುತ್ತೆ, ಇನ್ನೊಂದು ತುದೀನ ಅಷ್ಟೇ ಬಲದಲ್ಲಿ ಈ ಕಡೆ ಎಳೆಯುತ್ತೆ. ನಿಮ್ಮ ಫೋನಿನಲ್ಲಿ ನೋಡಿದ ಅಯಸ್ಕಾಂತ ಪಕ್ಕದಲ್ಲೇ ಇರುತ್ತೆ, ಹತ್ತಿರದ ತುದಿಗೆ ಜಾಸ್ತಿ ಬಲ, ದೂರದ ತುದಿಗೆ ಕಮ್ಮಿ. ಅದಕ್ಕೇ ತಳ್ಳುತ್ತೆ, ಸೆಳೆಯುತ್ತೆ, ತೇಲಿಸುತ್ತೆ. ಭೂಮಿ ಇಷ್ಟು ದೊಡ್ಡದು, ಅದಕ್ಕೆ ಸೂಜಿಯ ಆ ತುದಿ ಈ ತುದಿ ಎಲ್ಲ ಒಂದೇ. ನಿಮ್ಮ ಮಂಚದ ಸುರುಳಿಯೂ ಹಾಗೇ. ಒಂದು ಬದಿಗೆ ಮೇಲಕ್ಕೆ ಬಲ ಬಂದ್ರೆ, ಎದುರು ಬದಿಗೆ ಅಷ್ಟೇ ಕೆಳಕ್ಕೆ."

ವೇಣು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದ. "ಒಂದು ಬದಿ ಮೇಲಕ್ಕೆ, ಒಂದು ಬದಿ ಕೆಳಕ್ಕೆ. ಅಂದ್ರೆ ಮೋಟರ್ ಆಯ್ತಲ್ಲ ಸಾರ್ ಅದು."

"ಮೋಟರೇ. ಅದೂ ನೊಣ ಕೂತ್ರೆ ನಿಂತುಹೋಗೋಷ್ಟು ಸಣ್ಣ ಬಲದ ಮೋಟರ್. ದೊಡ್ಡ ದೊಡ್ಡ ಲ್ಯಾಬಲ್ಲಿ ಜೀವಂತ ಕಪ್ಪೇನೇ ತೇಲಿಸಿ ತೋರಿಸಿದ್ದಾರೆ. ಆದ್ರೆ ಅಲ್ಲಿದ್ದ ಅಯಸ್ಕಾಂತ ಭೂಮೀದಕ್ಕಿಂತ ಲಕ್ಷಗಟ್ಟಲೆ ಪಾಲು ಜೋರು. ಭೂಮಿ ಕೈಲಿ ಎತ್ತೋಕೆ ಆಗಲ್ಲ ವೇಣು. ತಿರುಗಿಸುತ್ತೆ, ಅಷ್ಟೇ."

ಬರುವಾಗ ಬಸ್ಸಿನಲ್ಲಿ ವೇಣುವಿಗೆ ತನ್ನ ಮೇಲೇ ನಗು ಬಂತು. ದಿನ ಬೆಳಗಾದರೆ ಮಾಡುವ ಕೆಲಸವನ್ನೇ ಮಂಚಕ್ಕೆ ಮಾಡಿ, ಅದು ಹಾರಲಿಲ್ಲ ಎಂದು ಕೊರಗುತ್ತಿದ್ದನಲ್ಲ. ಬಸ್ಸು ದಾರಿಯ ಕೋರಮಂಡಲ್ ಸ್ಟಾಪ್ ದಾಟುವ ಹೊತ್ತಿಗೆ ನಗು ಇಳಿದಿತ್ತು. ತಿಂಗಳು ಮುಗಿಯುತ್ತಾ ಬಂದಿತ್ತು, ಹುಣ್ಣು ಹಾಗೇ ಇತ್ತು, ಅತ್ತೆ ಮಾತಾಡುತ್ತಿರಲಿಲ್ಲ. ಕನಿಷ್ಠ ತಾನು ಆಕೆಯ ಸಾವು ಬಯಸಿರಲಿಲ್ಲ ಎಂಬುದನ್ನಾದರೂ ಕಣ್ಣಿಗೆ ಕಾಣುವಂತೆ ಮಾಡಬೇಕು ಎಂದುಕೊಂಡ.

ಮನೆಗೆ ಬಂದವನೇ ಬಟ್ಟೆ ಒಗೆಯುವ ಟಬ್ಬಿನಲ್ಲಿ ನೀರು ತುಂಬಿಸಿ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟ. ಅಯಸ್ಕಾಂತಕ್ಕೆ ಸೂಜಿ ಉಜ್ಜಿ, ಒಂದು ಎಲೆಯ ಮೇಲಿಟ್ಟು ತೇಲಿಬಿಟ್ಟ. ಆಮೇಲೆ ಫ್ಯಾನಿನ ಕಡೆ ಮುಖ ಮಾಡಿ, ಮೇಷ್ಟ್ರು ಹೇಳಿದ್ದನ್ನೆಲ್ಲ ತನಗೆ ಬಂದ ಹಾಗೆ ಹೇಳತೊಡಗಿದ. ತಾನು ಬೆನ್ನಿಗೆ ಗಾಳಿಯಾಡಲಿ ಎಂದು ಮಂಚ ಎತ್ತಲು ನೋಡಿದ್ದು, ಭೂಮಿಯ ದಿಕ್ಕಿಗೆ ಹೊಂದಿಸಲು ಹೋಗಿ ತಲೆ ಉತ್ತರಕ್ಕೆ ಬಂದದ್ದು, ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ ಎಂಬುದು. ಕಪ್ಪೆಯ ವಿಷಯವನ್ನೂ ಬಿಡಲಿಲ್ಲ. ಪೆದ್ದಮ್ಮ ಸೂರು ನೋಡುತ್ತಾ ಮಲಗಿದ್ದಳು. ಆದರೆ ಎಲೆ ತಿರುಗತೊಡಗಿದಾಗ ಆಕೆಯ ಕಣ್ಣು ಟಬ್ಬಿನ ಕಡೆ ಹೊರಳಿತು.

"ಯಾರೂ ಮುಟ್ಟಿಲ್ವಾ?" ಎಂದಳು ಫ್ಯಾನಿಗೆ. ಎಷ್ಟೋ ದಿನದ ಮೇಲೆ ಬಂದ ದನಿ.

"ಯಾರೂ ಮುಟ್ಟಿಲ್ಲ."

"ಇನ್ನೊಂದ್ ಸಲ."

ವೇಣು ಬೆರಳಿನಿಂದ ಎಲೆಯನ್ನು ಅಡ್ಡ ತಿರುಗಿಸಿ ಬಿಟ್ಟ. ಅದು ಬಂದ ದಾರಿಯಲ್ಲೇ ವಾಪಸ್ಸು ಬಂದು ನಿಂತಿತು. ಪೆದ್ದಮ್ಮ ಮೂರನೇ ಸಲವೂ ಮಾಡಿಸಿದಳು.

"ಮುಟ್ದಂಗೆ ತಿರುಗ್ಸತೈತೆ. ಆದ್ರೆ ಎತ್ತಕ್ಕಾಗಲ್ವಂತಾ?"

"ಎತ್ತಕ್ಕಾಗಲ್ವಂತೆ. ತಿರುಗ್ಸಕ್ಕೆ ಮಾತ್ರ."

ಪೆದ್ದಮ್ಮ ಫ್ಯಾನಿನ ಕಡೆ ಕಣ್ಣು ಹೊರಳಿಸಿದಳು. "ನರ್ಸಮ್ಮ ಏಳಿದ್ದೂ ತಿರುಗ್ಸಕ್ಕೇ ಅಲ್ವಾ," ಎಂದಳು. "ಎತ್ತು ಅಂತ ಇವ್ರಿಗೆ ಯಾರು ಏಳಿದ್ರೋ ಕಾಣೆ."

ನಿಜ, ಯಾರೂ ಹೇಳಿರಲಿಲ್ಲ. ಎತ್ತುವುದು ವೇಣುವೇ ತಲೆಗೆ ತಂದುಕೊಂಡ ಹುಚ್ಚು. ಮಗ್ಗುಲು ಬದಲಾಯಿಸಲು ಯಾರನ್ನೂ ಎತ್ತಬೇಕಾಗಿಲ್ಲ, ಒಂದು ಬದಿ ಮೇಲಕ್ಕೆ ಬಂದು ಇನ್ನೊಂದು ಬದಿ ಕೆಳಗೇ ಇದ್ದರೆ ಸಾಕು. ಅವನ ಕಣ್ಣು ಅತ್ತೆಯ ಮೈಕೆಳಗೆ ಹಾಸಿದ್ದ ಬೆಡ್‌ಶೀಟಿನ ಅಂಚಿನ ಮೇಲೆ ಬಿತ್ತು. ಗೋಡೆಯ ಕಡೆಯ ಅಂಚನ್ನು ಹಿಡಿದು ಮೇಲಕ್ಕೆ, ತನ್ನ ಕಡೆಗೆ ಎಳೆದರೆ ಬಟ್ಟೆಯೊಳಗಿನ ಮೈ ತಾನೇ ಹೊರಳುತ್ತದೆ. ಕೈ ಹಿಡಿಯುವುದು ಬಟ್ಟೆಯನ್ನು ಮಾತ್ರ.

ಮೊದಲು ಅಂಗಡಿಯ ನೆಲದ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೊಂದು ಮೋಟರ್ ಇಟ್ಟು ಹೊರಳಿಸಿ ನೋಡಿದ. ಹೊರಳಿತು. ಪರದೆ ಸರಿಸಿ ಬಂದು ಫ್ಯಾನಿನ ಅಪ್ಪಣೆ ಕೇಳಿದ. ಬೇಡ ಎಂಬ ಮಾತು ಬರಲಿಲ್ಲ. ಪೆದ್ದಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ವೇಣು ಬೆಡ್‌ಶೀಟಿನ ಅಂಚು ಹಿಡಿದು, ತನ್ನ ಮುಖವನ್ನು ಬೀದಿಯ ಕಡೆ ತಿರುಗಿಸಿ, ಮೆಲ್ಲಗೆ ಎಳೆದ. ಸೆರಗಿನ ಒಳಗಿನಿಂದ "ಉಸ್ಸಪ್ಪಾ" ಎಂದು ಕೇಳಿತು. ಬೆನ್ನ ಹಿಂದೆ ದಿಂಬು ತಳ್ಳಿ ಅವನು ಅಂಗಡಿಗೆ ಓಡಿಹೋದ, ಕಳ್ಳತನ ಮಾಡಿದವನ ಹಾಗೆ.

ಸಂಜೆ ಕಲಾ ಬಂದಾಗ ತಾಯಿ ಎಡಮಗ್ಗುಲಿಗೆ ಮಲಗಿದ್ದಳು. "ಯಾರಮ್ಮ ತಿರುಗ್ಸಿದ್ದು?" ಎಂದು ಕೇಳಿದರೆ, "ಬಟ್ಟೆ ತಿರುಗ್ಸ್ತು," ಎಂದಳು ಪೆದ್ದಮ್ಮ. ಕೆಲಸ ಬಿಡುತ್ತೇನೆಂದು ಬರೆದುಕೊಡುವ ಮಾತನ್ನು ಕಲಾ ಆ ತಿಂಗಳ ಕೊನೆಗೆ ಎತ್ತಲಿಲ್ಲ, ಮುಂದಿನ ತಿಂಗಳೂ ಎತ್ತಲಿಲ್ಲ. ಕಲ್ಪನ ಗಾಯ ಬಿಚ್ಚಿ ನೋಡಿ, ಅಂಚಿನಲ್ಲಿ ಹೊಸ ಚರ್ಮ ಬರುತ್ತಿದೆ ಎಂದಳು. ಅವತ್ತು ವೇಣು ಯಾರಿಗೂ ಕಾಣದಂತೆ ಅಂಗಡಿಯ ಹಿಂದೆ ಹೋಗಿ ಕಣ್ಣೊರೆಸಿಕೊಂಡ.

ಬೇಸಿಗೆ ಏರಿತು. ತಗಡಿನ ಕಾವು ಕೋಣೆಗೂ ನುಗ್ಗುತ್ತಿತ್ತು. ಒಂದು ಮಧ್ಯಾಹ್ನ ಬೆವರಿಗೆ ಬೆಡ್‌ಶೀಟು ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು. ವೇಣು ಎಂದಿನಂತೆ ಬೀದಿ ನೋಡುತ್ತಾ ಅಂಚು ಎಳೆದ. ಬರಲಿಲ್ಲ. ಜೋರಾಗಿ ಎಳೆದ. ಬಟ್ಟೆಯ ನಿರಿಗೆ ಹುಣ್ಣಿನ ಮೇಲೇ ಉಜ್ಜಿ ಹೋಯಿತು. ಪೆದ್ದಮ್ಮ ಚೀರಿದಳು.

ವೇಣು ಅಂಚು ಬಿಟ್ಟು ನಿಂತ. ಪಕ್ಕದ ಮನೆಯವಳನ್ನು ಕರೆಯಲೇ ಎಂದು ಗೋಡೆಯನ್ನು ಕೇಳಿದ. ಪೆದ್ದಮ್ಮ ಹಲ್ಲು ಕಚ್ಚಿ ನೋವು ಇಳಿಯುವವರೆಗೂ ಕಾದಳು. ಆಮೇಲೆ ಮುಖದ ಮೇಲಿನ ಸೆರಗು ಸರಿಸಿ, ಅವನನ್ನೇ ನೋಡಿದಳು.

"ನಾಯ್ನಾ," ಎಂದಳು. ಆ ಸೀಮೆಯಲ್ಲಿ ಅಪ್ಪನನ್ನೂ ಹಾಗೇ ಕರೆಯುತ್ತಾರೆ, ಮಗನನ್ನೂ ಹಾಗೇ ಕರೆಯುತ್ತಾರೆ. "ಬಟ್ಟೆ ಬುಡು. ಕೈ ಆಕು."

ವೇಣು ಹೋಗಿ ಕೈಯಿಂದ ವಾರ್ನಿಷ್ ಹೋಗುವವರೆಗೂ ಸೋಪು ಹಾಕಿ ತೊಳೆದುಕೊಂಡು ಬಂದ. ಒಂದು ಕೈಯನ್ನು ಆಕೆಯ ಭುಜದ ಹಿಂದೆ, ಇನ್ನೊಂದನ್ನು ಸೊಂಟದ ಹಿಂದೆ ಇಟ್ಟ. ಇಷ್ಟು ದಿನ ಎತ್ತಲು ಯಂತ್ರ ಹುಡುಕಿದ ಮೈ ಅದು. ಅವನು ದಿನಾ ಒಬ್ಬನೇ ಎತ್ತಿಡುವ ಮೋಟರುಗಳಷ್ಟೂ ಭಾರವಿರಲಿಲ್ಲ. ಮುಖವನ್ನು ಬೇರೆ ಕಡೆ ತಿರುಗಿಸಲು ಹೋದವನು ಹಾಗೆ ಮಾಡಿದರೆ ಮತ್ತೆ ನೋಯಿಸುತ್ತೇನೆ ಎಂದು ನೋಡುತ್ತಲೇ ಹೊರಳಿಸಿದ. ಪೆದ್ದಮ್ಮ ಅವನ ಮೊಣಕೈ ಹಿಡಿದುಕೊಂಡಳು.

"ನೋವಾಯ್ತಾ?" ಎಂದ ಅವನು. ಕೇಳಿದ್ದು ಆಕೆಯನ್ನೇ.

"ಇಲ್ಲಪ್ಪ," ಎಂದಳು. "ಇನ್ನೊಂದೀಟು ನಿನ್ ಕಡೀಕೆ ಎಳ್ಕೋ."